ಯಾರಿಗೆ ಏನು ಕಾಣಬೇಕು? ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಹೊಣೆ ಹಂಚುವ ಕ್ರಮ

“ಸಾಫ್ಟ್‌ವೇರ್ ಹಾಕಿಸಿ ಆಯ್ತು. ಆದ್ರೆ ಮ್ಯಾನೇಜರ್ ಸಂಬಳ ಎಷ್ಟು ಅಂತ ತೋಟದ ರೈಟರ್‌ಗೂ ಕಾಣ್ತಿದೆ. ಇದನ್ನ ಮುಚ್ಚೋದು ಹೇಗೆ?” ಚಿಕ್ಕಮಗಳೂರು, ಹಾಸನ ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. (ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು.) ಎಸ್ಟೇಟ್ ಆಫೀಸಿನವರು ಕೇಳುತ್ತಾರೆ, ಗಾರ್ಮೆಂಟ್ಸ್‌ನವರು ಕೇಳುತ್ತಾರೆ, ಖಾಸಗಿ ಶಾಲೆ ನಡೆಸುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕಿದ್ದೇನೆ.

ಮೊದಲೇ ಒಂದು ಮಾತು. ಮುಚ್ಚುವ ಸೌಲಭ್ಯ ಹೆಚ್ಚಿನ ಎಚ್‌ಆರ್ (ಸಿಬ್ಬಂದಿಯ ಹಾಜರಿ, ರಜೆ, ಸಂಬಳ ನೋಡಿಕೊಳ್ಳುವ) ಸಾಫ್ಟ್‌ವೇರ್‌ಗಳಲ್ಲಿ ಇದ್ದೇ ಇರುತ್ತದೆ. ಇಲ್ಲದಿರುವುದು ಆಫೀಸಿನೊಳಗಿನ ತೀರ್ಮಾನ. ಯಾರು ಯಾವ ಕೆಲಸ ಮಾಡಬೇಕು, ಯಾರು ಒಪ್ಪಬೇಕು ಅಂತ ಯಾರೂ ಹೇಳಿರುವುದಿಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡಲು ಬಂದವರು ಸುಮ್ನೆ ಎಲ್ಲರಿಗೂ ಅಡ್ಮಿನ್ (ಎಲ್ಲವನ್ನೂ ನೋಡಿ ಬದಲಿಸುವ ಅಧಿಕಾರ) ಕೊಟ್ಟು ಹೋಗಿರುತ್ತಾರೆ. ವರ್ಷಗಟ್ಟಲೆ ಅದೇ ನಡೆಯುತ್ತದೆ.

ಉದಾಹರಣೆಗೆ ಒಂದು ಸಂಸ್ಥೆ ಇಟ್ಟುಕೊಳ್ಳೋಣ. ಮೂಡಿಗೆರೆ ಮತ್ತು ಬಾಳೆಹೊನ್ನೂರು ಹತ್ತಿರ ಎರಡು ಕಾಫಿ ತೋಟ, ಹಾಸನದಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹಸನು ಮಾಡುವ ಕಾರ್ಖಾನೆ), ಚಿಕ್ಕಮಗಳೂರಿನಲ್ಲಿ ಹೆಡ್ ಆಫೀಸ್. ಕಾಯಂ ಕೆಲಸದವರು 120 ಜನ. ಕೊಯ್ಲಿಗೆ ಹೊರಗಿನಿಂದ ಬರುವವರು ಬೇರೆ. ನಿಮ್ಮದು ಕಾರ್ಖಾನೆ ಅಥವಾ ಶಾಲೆ ಆದರೂ ಕ್ರಮ ಇದೇ, ಹೆಸರು ಬದಲಿಸಿಕೊಳ್ಳಿ.

ಶುರು ಮಾಡುವ ಮುಂಚೆ

ನಾಲ್ಕು ಪದ ಗೊತ್ತಿದ್ದರೆ ಸಾಕು. ಲಾಗಿನ್ ಅಂದರೆ ಒಬ್ಬ ವ್ಯಕ್ತಿ ಒಳಗೆ ಹೋಗುವ ಹೆಸರು ಮತ್ತು ಪಾಸ್‌ವರ್ಡ್. ರೋಲ್ ಅಂದರೆ ಹುದ್ದೆಯ ಕೆಲಸಕ್ಕೆ ಬೇಕಾದ ಅಧಿಕಾರಗಳ ಕಟ್ಟು: ‘ಹಾಜರಿ ಹಾಕುವವರು’, ‘ಸಂಬಳ ಲೆಕ್ಕ ಮಾಡುವವರು’ ಹೀಗೆ. ಪರ್ಮಿಷನ್ ಅಂದರೆ ಆ ಕಟ್ಟಿನೊಳಗಿನ ಒಂದೊಂದು ಅಧಿಕಾರ: ನೋಡುವುದು, ಹೊಸದಾಗಿ ಹಾಕುವುದು, ತಿದ್ದುವುದು, ಒಪ್ಪುವುದು, ಅಳಿಸುವುದು, ಎಕ್ಸೆಲ್‌ಗೆ ಇಳಿಸಿಕೊಳ್ಳುವುದು. ಕೊನೆಯದು ವ್ಯಾಪ್ತಿ. ಆ ಅಧಿಕಾರ ಯಾರ ಯಾರ ಮಾಹಿತಿಯ ಮೇಲೆ ನಡೆಯುತ್ತದೆ ಅನ್ನುವುದು.

ಬೇಕಾದದ್ದು ಇಷ್ಟು: ಈಗಿರುವ ಎಲ್ಲ ಲಾಗಿನ್‌ಗಳ ಪಟ್ಟಿ, ಒಂದು ಅಡ್ಮಿನ್ ಲಾಗಿನ್, ತೀರ್ಮಾನ ತೆಗೆದುಕೊಳ್ಳಬಲ್ಲ ಒಬ್ಬರು. ಮಾಲೀಕರೋ ಜನರಲ್ ಮ್ಯಾನೇಜರೋ ಪಕ್ಕದಲ್ಲಿ ಕೂರಲೇಬೇಕು. ‘ನೀವೇ ನೋಡಿ ಮಾಡ್ಬಿಡಿ’ ಅಂತ ಕಂಪ್ಯೂಟರ್ ಗೊತ್ತಿರುವ ಹುಡುಗನ ಮೇಲೆ ಹಾಕಿದರೆ ಕೆಲಸ ಕೆಡುತ್ತದೆ.

ದಿನ ಆರಿಸುವಾಗ ಬಟವಾಡೆ ವಾರ ಬಿಡಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು, ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) 15ರೊಳಗೆ ಕಟ್ಟಬೇಕು. ಹಾಗಾಗಿ 16ರಿಂದ 25ರ ನಡುವೆ ಕೈ ಹಾಕಿ. ಏನಾದರೂ ಎಡವಟ್ಟಾದರೂ ಸರಿಮಾಡಿಕೊಳ್ಳಲು ಸಮಯ ಇರುತ್ತದೆ.

ಹಂತ 1: ಕೆಲಸಗಳನ್ನು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ಮುಚ್ಚಿಡಿ. ಎಡಗಡೆ ಕೆಲಸಗಳನ್ನು ಬರೆಯಿರಿ. ಜನರ ಹೆಸರು ಈಗಲೇ ಬೇಡ. ಹೊಸ ಹೆಸರು ಸೇರಿಸುವುದು, ಹಾಜರಿ ಹಾಕುವುದು, ಕೊಯ್ಲಿನ ತೂಕ ಬರೆಯುವುದು, ರಜೆ ಒಪ್ಪುವುದು, ಬ್ಯಾಂಕ್ ಖಾತೆ ಬದಲಿಸುವುದು, ಅಡ್ವಾನ್ಸ್ ಕೊಡುವುದು, ಸಂಬಳ ಲೆಕ್ಕ ಮಾಡುವುದು, ಸಂಬಳ ಒಪ್ಪುವುದು, ಬ್ಯಾಂಕಿಗೆ ಫೈಲ್ ಕಳಿಸುವುದು, ಪಿಎಫ್ ಫೈಲ್ ಹಾಕುವುದು, ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡುವುದು.

ಪ್ರತಿಯೊಂದರ ಮುಂದೆ ಮೂರು ಖಾನೆ: ಮಾಡುವವರು, ಒಪ್ಪುವವರು, ನೋಡುವವರು. ಈಗ ಹೆಸರು ತುಂಬಿ.

ತುಂಬಿದ ಮೇಲೆ ಮೂರು ಸಾಲುಗಳನ್ನು ಮಾತ್ರ ಗಟ್ಟಿಯಾಗಿ ನೋಡಿ: ಹೊಸ ಹೆಸರು ಸೇರಿಸುವುದು, ಬ್ಯಾಂಕ್ ಖಾತೆ ಬದಲಿಸುವುದು, ಸಂಬಳ ಬಿಡುವುದು (ಒಪ್ಪಿ ಬ್ಯಾಂಕಿಗೆ ಕಳಿಸುವುದು). ಈ ಮೂರರಲ್ಲೂ ಮಾಡುವವರು ಮತ್ತು ಒಪ್ಪುವವರು ಒಬ್ಬರೇ ಆಗಿರಬಾರದು. ಉಳಿದದ್ದರಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು, ಇದರಲ್ಲಿ ಬೇಡ.

ಕಾರಣ ಹೇಳುತ್ತೇನೆ. ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ತನಕ ತೋಟಕ್ಕೆ ಹೊಸ ಮುಖಗಳು ಬರುತ್ತಾ ಹೋಗುತ್ತಾ ಇರುತ್ತವೆ. ಕೆಲವರು ಮೂರು ವಾರ ಇದ್ದು ಹೊರಡುತ್ತಾರೆ. ಹೆಸರು ಸೇರಿಸುವುದು, ಹಾಜರಿ ಹಾಕುವುದು, ದುಡ್ಡು ಬಿಡುವುದು ಮೂರೂ ಒಂದೇ ಲಾಗಿನ್‌ನಲ್ಲಿ ಇದ್ದರೆ, ತೋಟಕ್ಕೆ ಕಾಲೇ ಇಡದವನ ಹೆಸರಿಗೂ ಸಂಬಳ ಹೋಗಬಹುದು. ಅವನು ‘ಬಿಟ್ಟು ಹೋದ’ ಅಂತ ತೋರಿಸಿದರೆ ಮುಗೀತು, ಯಾರೂ ಹುಡುಕುವುದಿಲ್ಲ. ಬ್ಯಾಂಕ್ ಖಾತೆಯದು ಇನ್ನೂ ಸುಲಭ. ಸಂಬಳದ ಹಿಂದಿನ ದಿನ ಖಾತೆ ನಂಬರ್ ಬದಲಿಸಿ, ದುಡ್ಡು ಬಂದ ಮೇಲೆ ಹಳೆಯದನ್ನೇ ಹಾಕಿಟ್ಟರೆ ಪರದೆ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ.

‘ನಮ್ಮಲ್ಲಿ ಆಫೀಸಿಗೆ ಇರೋದೇ ಇಬ್ಬರು’ ಅನ್ನುವವರಿಗೆ: ಒಪ್ಪುವ ಕೆಲಸ ಮಾಲೀಕರು ಇಟ್ಟುಕೊಳ್ಳಲಿ. ಹೊಸ ಹೆಸರು ಮತ್ತು ಖಾತೆ ಬದಲಾವಣೆ ಮಾತ್ರ ಅವರ ಮೊಬೈಲ್‌ಗೆ ಬರುವಂತೆ ಹಾಕಿ. ತಿಂಗಳಿಗೆ ಹತ್ತು ನಿಮಿಷದ ಕೆಲಸ ಅಷ್ಟೇ.

ಇಲ್ಲಿ ಮನಸ್ಸಿನ ವಿಷಯವೂ ಇದೆ. ಎಷ್ಟೋ ವರ್ಷದಿಂದ ಚೆಕ್‌ರೋಲ್ (ಹಾಜರಿ, ಕೂಲಿಯ ಪುಸ್ತಕ) ಬರೆದ ರೈಟರ್‌ಗೆ ‘ನನ್ನ ಮೇಲೆ ನಂಬಿಕೆ ಇಲ್ವಾ ಸಾರ್’ ಅನಿಸುವುದು ಸಹಜ. ಮುಂಚೆಯೇ ಕೂರಿಸಿಕೊಂಡು ಹೇಳಿ. ನಾಳೆ ಲೆಕ್ಕ ತಪ್ಪಿದರೆ ಮೊದಲು ಬೆರಳು ತೋರಿಸುವುದು ಅವರ ಕಡೆಗೇ. ಒಪ್ಪಿದವರ ಹೆಸರೂ ದಾಖಲೆಯಲ್ಲಿ ಇದ್ದರೆ ಅವರಿಗೇ ಅನುಕೂಲ.

ಹಂತ 2: ಮಾಹಿತಿಯನ್ನು ಗುಂಪು ಮಾಡಿ

ಎಲ್ಲರಿಗೂ ಕಾಣಬಹುದಾದದ್ದು: ಹೆಸರು, ಫೋಟೋ, ವಿಭಾಗ, ಆಫೀಸ್ ನಂಬರ್. ಮನೆ ವಿಳಾಸ, ಹುಟ್ಟಿದ ತಾರೀಖು ಈ ಗುಂಪಿನಲ್ಲಿ ಇಲ್ಲ. ಹುಟ್ಟುಹಬ್ಬದ ಶುಭಾಶಯ ಕಳಿಸಲು ದಿನ, ತಿಂಗಳು ಸಾಕು, ಇಸವಿ ಬೇಡ.

ಮೇಲಿನವರಿಗೆ ಮಾತ್ರ: ಹಾಜರಿ, ಶಿಫ್ಟ್, ರಜೆಯ ದಿನಗಳು.

ಎಚ್‌ಆರ್ ಮತ್ತು ಅಕೌಂಟ್ಸ್‌ಗೆ ಮಾತ್ರ: ಸಂಬಳ, ಬ್ಯಾಂಕ್ ಖಾತೆ, ಪಾನ್, ಪಿಎಫ್‌ನ ಯುಎಎನ್ ನಂಬರ್, ಆಧಾರ್. ಆಧಾರ್ ಕಾರ್ಡ್‌ನ ಪ್ರತಿ ಇಡಲೇಬೇಕಾದರೆ ಮಾಸ್ಕ್ ಮಾಡಿದ್ದನ್ನು ಇಡಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಒಬ್ಬಿಬ್ಬರಿಗೆ ಮಾತ್ರ: ವೈದ್ಯರ ಚೀಟಿ, ಶಿಸ್ತು ಕ್ರಮದ ಪತ್ರಗಳು, ದೂರುಗಳು. ಲೈಂಗಿಕ ಕಿರುಕುಳದ ದೂರನ್ನಂತೂ ಸಾಮಾನ್ಯ ಎಚ್‌ಆರ್ ಫೋಲ್ಡರ್‌ನಲ್ಲಿ ಇಡಬೇಡಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿನ ವಿವರ, ಹೆಸರುಗಳನ್ನು ಬಹಿರಂಗ ಮಾಡುವಂತಿಲ್ಲ. ಸಾಫ್ಟ್‌ವೇರ್‌ನ ಅಡ್ಮಿನ್‌ಗೂ ಅದು ಕಾಣಬಾರದು. ಹಾಗೆ ಮುಚ್ಚಲು ಆಗದಿದ್ದರೆ ಆ ಕಡತ ಸಾಫ್ಟ್‌ವೇರ್‌ನಿಂದ ಹೊರಗೇ ಇರಲಿ.

ತುಂಬಾ ಜನ ಎಡವುವುದು ರಜೆ ಅರ್ಜಿಯಲ್ಲಿ. ಸೂಪರ್‌ವೈಸರ್‌ಗೆ ಬೇಕಾದದ್ದು ‘ಗುರುವಾರ, ಶುಕ್ರವಾರ ಬರುವುದಿಲ್ಲ’ ಅನ್ನುವ ವಿಷಯ. ಅದರ ಜೊತೆ ಲಗತ್ತಿಸಿದ ಸ್ಕ್ಯಾನಿಂಗ್ ರಿಪೋರ್ಟ್ ಅವರಿಗೆ ಯಾಕೆ? ಒಬ್ಬ ಹೆಣ್ಣುಮಗಳು ಬಸುರಿ ಅನ್ನುವುದು ಅವಳು ಮನೆಯಲ್ಲಿ ಹೇಳುವ ಮುಂಚೆ ಕೆಲಸದವರ ಲೈನ್ ಮನೆಗಳಿಗೆಲ್ಲ ಗೊತ್ತಾದರೆ ಅದಕ್ಕೆ ನಿಮ್ಮ ಸೆಟ್ಟಿಂಗ್ ಕಾರಣ. ಲಗತ್ತು ಎಚ್‌ಆರ್‌ಗೆ ಮಾತ್ರ ಹೋಗುವಂತೆ ಮಾಡಿ.

ಹಂತ 3: ರೋಲ್‌ಗಳನ್ನು ಮಾಡಿ

ಆರೇಳು ರೋಲ್ ಸಾಕು. ಸ್ವಂತ ವಿವರ ನೋಡುವ ನೌಕರ, ಮೇಸ್ತ್ರಿ, ರೈಟರ್, ವಿಭಾಗದ ಮ್ಯಾನೇಜರ್, ಎಚ್‌ಆರ್, ಸಂಬಳ ಲೆಕ್ಕ, ಅಂತಿಮ ಒಪ್ಪಿಗೆ. ರೋಲ್‌ಗೆ ಮನುಷ್ಯರ ಹೆಸರು ಇಡಬೇಡಿ. ‘ಶೇಖರ್ ರೋಲ್’ ಅಂತ ಇಟ್ಟರೆ ಶೇಖರ್ ಬಿಟ್ಟು ಹೋದ ಮೇಲೆ ಅದರಲ್ಲಿ ಏನಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಒಂದು ರೋಲ್ ಹೇಗಿರಬೇಕು ಅನ್ನುವುದಕ್ಕೆ ಮೇಸ್ತ್ರಿಯದನ್ನೇ ನೋಡಿ. ಬೆಳಿಗ್ಗೆ ಮಸ್ಟರ್ (ಹಾಜರಿ ಕೂಗುವ) ಹೊತ್ತಿಗೆ ಮೊಬೈಲ್ ತೆರೆದರೆ ಅವರ ಗುಂಪಿನ ಹೆಸರು ಮತ್ತು ಫೋಟೋ ಮಾತ್ರ ಬರಬೇಕು. ಹೆಸರಿನ ಮುಂದೆ ಮೂರು ಬಟನ್: ಪೂರ್ತಿ, ಅರ್ಧ, ಇಲ್ಲ. ಅಷ್ಟೇ. ದಿನಗೂಲಿ ಎಷ್ಟು, ಅಡ್ವಾನ್ಸ್ ಎಷ್ಟು ಬಾಕಿ, ಆಧಾರ್ ನಂಬರ್ ಯಾವುದೂ ಕಾಣಬಾರದು. ನಿನ್ನೆಯ ಹಾಜರಿ ಕಾಣಬೇಕು, ಆದರೆ ತಿದ್ದಲು ಬರಬಾರದು. ತಿದ್ದಬೇಕಿದ್ದರೆ ರೈಟರ್‌ಗೆ ಕೋರಿಕೆ ಹೋಗಲಿ. ಸಂಜೆ ಹಣ್ಣಿನ ತೂಕ ಬರೆಯುವುದು ಬೇರೆಯವರ ಲಾಗಿನ್‌ನಲ್ಲಿ ಇರಲಿ. ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವಾಗ ಹಾಜರಿ ಮತ್ತು ತೂಕ ಒಂದಕ್ಕೊಂದು ತಾಳೆ ಆಗಬೇಕು. ಎರಡೂ ಒಬ್ಬರ ಕೈಯಲ್ಲೇ ಇದ್ದರೆ ತಾಳೆ ನೋಡಿ ಏನು ಪ್ರಯೋಜನ?

ಮಲೆನಾಡಿನ ತೋಟಗಳಿಗೆ ಇನ್ನೊಂದು ಮಾತು. ಸಿಗ್ನಲ್ ಇಲ್ಲದ ಕಡೆ ಆ್ಯಪ್ ಮಾಹಿತಿಯನ್ನು ಮೊಬೈಲ್‌ನಲ್ಲೇ ಇಟ್ಟುಕೊಂಡು, ಆಫೀಸ್ ಹತ್ತಿರ ಬಂದಾಗ ಕಳಿಸುತ್ತದೆ. ಅಂದರೆ ಆ ಮೊಬೈಲ್ ಸಂತೆಯಲ್ಲಿ ಕಳೆದುಹೋದರೆ ಅದರಲ್ಲಿದ್ದ ಮಾಹಿತಿಯೂ ಬೇರೆಯವರ ಕೈಗೆ ಹೋಯಿತು. ಮೇಸ್ತ್ರಿಯ ಪರದೆಯಲ್ಲಿ ಕಮ್ಮಿ ಇಡಿ ಅನ್ನುವುದಕ್ಕೆ ಇದೂ ಕಾರಣ. ಸ್ಕ್ರೀನ್ ಲಾಕ್ ಕಡ್ಡಾಯ ಮಾಡಿ.

ಹಂತ 4: ವ್ಯಾಪ್ತಿ ಹಾಕಿ

ರೋಲ್ ಕೊಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಮೂಡಿಗೆರೆ ತೋಟದ ರೈಟರ್‌ಗೆ ‘ರೈಟರ್’ ರೋಲ್ ಕೊಟ್ಟಿರಿ, ಸರಿ. ಆದರೆ ಹಾಸನದ ಕ್ಯೂರಿಂಗ್ ವರ್ಕ್ಸ್‌ನವರ ಹಾಜರಿಯೂ ಅವರಿಗೆ ಕಾಣುತ್ತಿದ್ದರೆ ವ್ಯಾಪ್ತಿ ಹಾಕಿಲ್ಲ ಅಂತ ಅರ್ಥ.

ಮುಕ್ತ ಸಾಫ್ಟ್‌ವೇರ್ ಆದ ಫ್ರಾಪೆ ಎಚ್‌ಆರ್ ಬಳಸುವವರು ಗಮನಿಸಿ. ಅದರಲ್ಲಿ ಎರಡು ಬೇರೆ ಪುಟಗಳಿವೆ. ‘ರೋಲ್ ಪರ್ಮಿಷನ್ಸ್ ಮ್ಯಾನೇಜರ್’ನಲ್ಲಿ ಏನು ಮಾಡಬಹುದು ಅಂತ ಹಾಕುತ್ತೀರಿ. ‘ಯೂಸರ್ ಪರ್ಮಿಷನ್ಸ್’ನಲ್ಲಿ ಯಾವ ಶಾಖೆಯವರದ್ದು, ಯಾರದ್ದು ಅಂತ ಹಾಕುತ್ತೀರಿ. ಒಂದು ಫಾರ್ಮಿನ ಕೆಲವು ಖಾನೆ ಮಾತ್ರ ಮುಚ್ಚಲು ಪರ್ಮಿಷನ್ ಲೆವೆಲ್ ಇದೆ. ಎಲ್ಲ ಖಾನೆಯೂ ಮೊದಲಿಗೆ 0 ಲೆವೆಲ್‌ನಲ್ಲಿ ಇರುತ್ತದೆ. ಬ್ಯಾಂಕ್, ಸಂಬಳದ ಖಾನೆಗಳನ್ನು 1ಕ್ಕೆ ಏರಿಸಿ, 1ನೇ ಲೆವೆಲ್ ಅನ್ನು ಬೇಕಾದ ರೋಲ್‌ಗೆ ಮಾತ್ರ ಕೊಡಿ.

ಅದರಲ್ಲೇ ಎಡವುವ ಜಾಗ ಒಂದಿದೆ. ಶಾಖೆಯ ಖಾನೆ ಖಾಲಿ ಬಿಟ್ಟ ದಾಖಲೆಗಳು ವ್ಯಾಪ್ತಿ ಹಾಕಿದ ಮೇಲೂ ಕಾಣುತ್ತವೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಅಪ್ಲೈ ಸ್ಟ್ರಿಕ್ಟ್ ಯೂಸರ್ ಪರ್ಮಿಷನ್ಸ್’ ಟಿಕ್ ಮಾಡಿದರೆ ಮಾತ್ರ ಅವು ಮರೆಯಾಗುತ್ತವೆ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹೆಸರು ಬೇರೆ ಇರಬಹುದು. ಖಾಲಿ ಖಾನೆ ಇದ್ದರೆ ಏನಾಗುತ್ತದೆ ಅನ್ನುವ ಪ್ರಶ್ನೆ ಎಲ್ಲ ಕಡೆಯೂ ಕೇಳಬೇಕಾದದ್ದೇ.

ರಿಪೋರ್ಟಿಂಗ್ ಮ್ಯಾನೇಜರ್ ಅನ್ನುವ ಖಾನೆಯನ್ನೂ ನೋಡಿ. ರಜೆ ಅರ್ಜಿ ಯಾರಿಗೆ ಹೋಗಬೇಕು, ಯಾರ ವಿವರ ಯಾರಿಗೆ ಕಾಣಬೇಕು ಅಂತ ಹೆಚ್ಚಿನ ಸಾಫ್ಟ್‌ವೇರ್‌ಗಳು ಅದನ್ನು ನೋಡಿಯೇ ತೀರ್ಮಾನಿಸುತ್ತವೆ. ಮ್ಯಾನೇಜರ್ ಬಾಳೆಹೊನ್ನೂರಿಗೆ ವರ್ಗವಾಗಿ ಆರು ತಿಂಗಳಾದರೂ ಮೂಡಿಗೆರೆಯವರ ಅರ್ಜಿ ಅವರಿಗೇ ಹೋಗುತ್ತಿದ್ದರೆ ಈ ಖಾನೆ ಬದಲಾಗಿಲ್ಲ ಅಂತ ತಿಳಿಯಿರಿ.

ಹಂತ 5: ರಿಪೋರ್ಟ್ ಮತ್ತು ಎಕ್ಸೆಲ್

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಸೋರುವುದು ಇಲ್ಲಿ. ಇದೊಂದು ಹಂತಕ್ಕೆ ಉಳಿದ ಎಲ್ಲದಕ್ಕಿಂತ ಹೆಚ್ಚು ಸಮಯ ಕೊಡಿ.

ನೌಕರನ ಪುಟದಲ್ಲಿ ಸಂಬಳದ ಖಾನೆ ಮುಚ್ಚಿರುತ್ತೀರಿ. ಆದರೆ ‘ತಿಂಗಳ ರಿಪೋರ್ಟ್’ ತೆರೆದರೆ ಅದೇ ಅಂಕಿ ಸಾಲಾಗಿ ನಿಂತಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ರಿಪೋರ್ಟ್‌ಗೆ ಬೇರೆಯೇ ಪರ್ಮಿಷನ್ ಇರುತ್ತದೆ. ಒಂದೊಂದು ರಿಪೋರ್ಟ್ ತೆರೆದು, ಅದು ಯಾವ ಯಾವ ರೋಲ್‌ಗೆ ತೆರೆದಿದೆ ಅಂತ ನೋಡಿ.

ವಿಭಾಗವಾರು ಮೊತ್ತದ ರಿಪೋರ್ಟ್‌ನಲ್ಲಿ ಹೆಸರಿಲ್ಲ, ಹಾಗಾಗಿ ಪರವಾಗಿಲ್ಲ ಅನ್ನುವವರಿದ್ದಾರೆ. ವಿಭಾಗದಲ್ಲಿ ಒಬ್ಬರೇ ಇದ್ದರೆ? ‘ಗುಣಮಟ್ಟ ವಿಭಾಗ’ದ ಮೊತ್ತವೇ ಅವರ ಸಂಬಳ ಅಲ್ವಾ. ಪಿಎಫ್‌ಗಾಗಿ ತಿಂಗಳು ತಿಂಗಳು ಹಾಕುವ ಇಸಿಆರ್ ಫೈಲ್ ಕೂಡ ಹೀಗೇ. ಅದರಲ್ಲಿ ಪ್ರತಿಯೊಬ್ಬರ ವೇತನ ಇರುತ್ತದೆ. ಪಿಎಫ್ ಕಡಿತ ಸಾಮಾನ್ಯವಾಗಿ ವೇತನದ 12 ಪರ್ಸೆಂಟ್, ಹಾಗಾಗಿ ಬರೀ ಕಡಿತದ ಮೊತ್ತ ಕಂಡರೂ ಲೆಕ್ಕ ಹಿಂದಕ್ಕೆ ಹಾಕಲು ದೊಡ್ಡ ಗಣಿತ ಬೇಡ.

ತಾನಾಗಿಯೇ ಇಮೇಲ್ ಆಗುವ ರಿಪೋರ್ಟ್‌ಗಳ ಪಟ್ಟಿ ಹುಡುಕಿ. ಕೆಲಸ ಬಿಟ್ಟವರ ಸ್ವಂತ ಜಿಮೇಲ್‌ಗೆ ಇವತ್ತಿಗೂ ಹಾಜರಿ ಪಟ್ಟಿ ಹೋಗುತ್ತಿರಬಹುದು. ಲಾಗಿನ್ ಮುಚ್ಚಿದರೂ ಇದು ನಿಲ್ಲದೇ ಇರಬಹುದು.

ಎಕ್ಸೆಲ್‌ಗೆ ಇಳಿಸುವ ಪರ್ಮಿಷನ್ ಬೇರೆ, ನೋಡುವ ಪರ್ಮಿಷನ್ ಬೇರೆ. ಇಳಿಸುವುದನ್ನು ಸಂಬಳ ಲೆಕ್ಕ ಮಾಡುವವರಿಗೆ ಮಾತ್ರ ಕೊಡಿ. ಫೈಲ್ ಒಮ್ಮೆ ಡೌನ್‌ಲೋಡ್ ಆಯಿತು ಅಂದರೆ ನಿಮ್ಮ ರೋಲ್, ವ್ಯಾಪ್ತಿ ಯಾವುದೂ ಅದರ ಮೇಲೆ ನಡೆಯುವುದಿಲ್ಲ. ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಸಂಬಳ ಫೈನಲ್ 2’ ಅನ್ನುವ ಫೈಲ್ ಓಡಾಡುತ್ತಿದ್ದರೆ, ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಸೆಟ್ಟಿಂಗ್ ಮಾತು.

ಹಂತ 6: ಅಡ್ಮಿನ್ ಮತ್ತು ಹೊರಗಿನ ಬಾಗಿಲುಗಳು

ಅಡ್ಮಿನ್ ಇಬ್ಬರು ಸಾಕು. ಒಬ್ಬರಾದರೆ ಅವರು ರಜೆಯಲ್ಲಿದ್ದಾಗ ಕಷ್ಟ, ನಾಲ್ವರಾದರೆ ಯಾರು ಏನು ಬದಲಿಸಿದರು ಗೊತ್ತಾಗುವುದಿಲ್ಲ. ಅಡ್ಮಿನ್ ಲಾಗಿನ್ ಬೇರೆ, ದಿನದ ಕೆಲಸದ ಲಾಗಿನ್ ಬೇರೆ ಇಡಿ. ಒಟಿಪಿ ಕಡ್ಡಾಯ ಮಾಡಿ, ಆ ಒಟಿಪಿ ಬರುವ ಸಿಮ್ ಸಂಸ್ಥೆಯ ಹೆಸರಿನಲ್ಲಿ ಇರಲಿ. ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್‌ನವರಿಗೆ ಕೊಟ್ಟ ಲಾಗಿನ್ ಕೆಲಸ ಮುಗಿದ ದಿನವೇ ಮುಚ್ಚಿ.

‘ಮಾಲೀಕರಿಗೆ ಎಲ್ಲ ಅಧಿಕಾರ ಬೇಡ್ವಾ?’ ಅಂತ ಕೇಳುತ್ತಾರೆ. ಆಂತರಿಕ ಸಮಿತಿಯ ದೂರಿನ ಕಡತ ಬಿಟ್ಟು ನೋಡಲು ಎಲ್ಲವೂ ಇರಲಿ. ತಿದ್ದಲು ಬೇಡ. ಅವರ ಲಾಗಿನ್ ಬೇರೆಯವರು ಬಳಸುವ ಸಂಭವವೇ ಜಾಸ್ತಿ.

ಸಾಫ್ಟ್‌ವೇರ್‌ನಲ್ಲಿ ಎಷ್ಟೇ ಬಿಗಿ ಮಾಡಿದರೂ ಪಕ್ಕದ ಬಾಗಿಲು ತೆರೆದಿದ್ದರೆ ವ್ಯರ್ಥ. ಬ್ಯಾಂಕಿನ ಕಾರ್ಪೊರೇಟ್ ಲಾಗಿನ್‌ನಲ್ಲಿ ಹಾಕುವವರು ಬೇರೆ, ಒಪ್ಪುವವರು ಬೇರೆ ಅನ್ನುವ ವ್ಯವಸ್ಥೆ ಇರುತ್ತದೆ. ಎರಡೂ ಪಾಸ್‌ವರ್ಡ್ ಒಂದೇ ಡೈರಿಯಲ್ಲಿ ಬರೆದಿಟ್ಟರೆ? ಪಿಎಫ್ ಪೋರ್ಟಲ್‌ಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಅಕೌಂಟೆಂಟ್ ಟೇಬಲ್‌ನ ಡ್ರಾಯರ್‌ನಲ್ಲಿ, ಸುತ್ತ ಪಿನ್ ಬರೆದ ಚೀಟಿ, ಮೇಲೆ ರಬ್ಬರ್ ಬ್ಯಾಂಡ್. ಈ ದೃಶ್ಯ ನಿಮ್ಮ ಆಫೀಸಿನಲ್ಲೂ ಇದ್ದರೆ ಇವತ್ತೇ ಅದನ್ನು ಸಹಿ ಇರುವವರ ಕೈಗೆ ಕೊಡಿ. ಆ ಸಹಿಗೆ ಹೊಣೆ ಅವರದ್ದು.

ಹಂತ 7: ಪ್ರತಿ ರೋಲ್‌ನಲ್ಲೂ ಒಳಹೋಗಿ ನೋಡಿ

ಅಡ್ಮಿನ್ ಆಗಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆದ್ದರಿಂದ ಪ್ರತಿ ರೋಲ್‌ಗೂ ಒಂದು ಪರೀಕ್ಷೆಯ ಲಾಗಿನ್ ಮಾಡಿ, ಕಳ್ಳನ ಹಾಗೆ ಪ್ರಯತ್ನಿಸಿ. ಹುಡುಕುವ ಖಾನೆಯಲ್ಲಿ ಮ್ಯಾನೇಜರ್ ಹೆಸರು ಹಾಕಿ. ರಿಪೋರ್ಟ್ ತೆರೆಯಿರಿ. ಪ್ರಿಂಟ್ ಕೊಡಿ. ನಿಮ್ಮ ರಜೆಯನ್ನು ನೀವೇ ಒಪ್ಪಲು ಬರುತ್ತದಾ? ನಿಮ್ಮ ಖಾತೆ ನಂಬರ್ ನೀವೇ ಬದಲಿಸಿದರೆ ಒಪ್ಪಿಗೆ ಕೇಳುತ್ತದಾ? ಇದನ್ನೇ ಮೊಬೈಲ್ ಆ್ಯಪ್‌ನಲ್ಲೂ ಮಾಡಿ, ಕಂಪ್ಯೂಟರ್‌ನಲ್ಲಿ ಮುಚ್ಚಿದ್ದು ಆ್ಯಪ್‌ನಲ್ಲಿ ತೆರೆದಿರಬಹುದು. ಮುಗಿದ ಮೇಲೆ ಪರೀಕ್ಷೆಯ ಲಾಗಿನ್‌ಗಳನ್ನು ಮುಚ್ಚಿ.

ಹಂತ 8: ಜನ ಬದಲಾದಾಗ

ವರ್ಗವಾದಾಗ ಹೊಸ ರೋಲ್ ಕೊಡುತ್ತೇವೆ, ಹಳೆಯದು ತೆಗೆಯುವುದಿಲ್ಲ. ನಾಲ್ಕು ವಿಭಾಗ ಸುತ್ತಿದವರ ಬಳಿ ನಾಲ್ಕರ ಅಧಿಕಾರವೂ ಸೇರಿರುತ್ತದೆ. ರಜೆಯಲ್ಲಿ ಹೋಗುವವರು ತಮ್ಮ ಒಪ್ಪಿಗೆಯ ಕೆಲಸ ಬೇರೆಯವರಿಗೆ ಕೊಟ್ಟರೆ ಮುಗಿಯುವ ತಾರೀಖನ್ನೂ ಹಾಕಲಿ. ಕೊಯ್ಲಿನ ಕಾಲಕ್ಕೆ ಮಾಡಿದ ತಾತ್ಕಾಲಿಕ ಲಾಗಿನ್‌ಗಳಿಗೂ ಹಾಗೇ.

ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ನಿಲ್ಲಿಸಿ, ಆದರೆ ಅಳಿಸಬೇಡಿ. ಅಳಿಸಿದರೆ ಅವರು ಒಪ್ಪಿದ ಹಳೆಯ ದಾಖಲೆಗಳಲ್ಲಿ ಯಾರು ಒಪ್ಪಿದ್ದು ಅನ್ನುವುದೇ ಕಳೆದುಹೋಗಬಹುದು.

ಮೂರು ತಿಂಗಳಿಗೊಮ್ಮೆ ಹಂತ 1ರ ಕಾಗದ ತೆಗೆದು ಲಾಗಿನ್ ಪಟ್ಟಿ ಜೊತೆ ಹೋಲಿಸಿ. ಆಡಿಟ್ ಲಾಗ್ ಕೂಡ ನೋಡಿ. ಯಾರು, ಯಾವಾಗ, ಏನು ಬದಲಿಸಿದರು ಅಂತ ಸಾಫ್ಟ್‌ವೇರ್ ಬರೆದಿಡುವ ದಾಖಲೆ ಅದು. ಪೂರ್ತಿ ಓದಲು ಹೋಗಬೇಡಿ, ತಲೆ ಕೆಡುತ್ತದೆ. ಬ್ಯಾಂಕ್ ಖಾತೆ ಬದಲಾವಣೆ, ಸಂಬಳದ ಬದಲಾವಣೆ, ರೋಲ್ ಬದಲಾವಣೆ, ಎಕ್ಸೆಲ್ ಡೌನ್‌ಲೋಡ್, ಈ ನಾಲ್ಕನ್ನು ಮಾತ್ರ ಆರಿಸಿ ನೋಡಿ.

ಕಾನೂನಿನ ಕಡೆಯಿಂದ: ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಯಾಗುತ್ತವೆ. ಉದ್ಯೋಗದ ಕೆಲವು ಕೆಲಸಗಳಿಗೆ ನೌಕರರ ಮಾಹಿತಿ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಡ. ಆದರೆ ಅದನ್ನು ಕಾಪಾಡುವ ಹೊಣೆ ತಪ್ಪುವುದಿಲ್ಲ. ಯಾರು ಮಾಹಿತಿ ತೆರೆದರು ಅನ್ನುವ ಲಾಗ್ ಅನ್ನು ಕನಿಷ್ಠ 1 ವರ್ಷ ಇಡಬೇಕು ಅಂತ ನಿಯಮ ಹೇಳುತ್ತದೆ. ಸರಿಯಾದ ರಕ್ಷಣೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅದು ಗರಿಷ್ಠ ಮಿತಿ, ಹೆದರಿ ಕೂರಬೇಕಿಲ್ಲ.

ಇನ್ನೂ ಸಾಫ್ಟ್‌ವೇರ್ ಕೊಳ್ಳದವರಿಗೆ

ಡೆಮೋ ತೋರಿಸಲು ಬಂದವರನ್ನು ಇಷ್ಟು ಕೇಳಿ. ಒಂದೊಂದು ಖಾನೆಯನ್ನೂ ಬೇರೆ ಬೇರೆಯಾಗಿ ಮುಚ್ಚಬಹುದಾ? ಖಾತೆ ನಂಬರ್ ಬದಲಾದರೆ ಎರಡನೆಯವರ ಒಪ್ಪಿಗೆ ಕೇಳುತ್ತದಾ? ಎಕ್ಸೆಲ್ ಇಳಿಸಿದ್ದು ಲಾಗ್‌ನಲ್ಲಿ ಬರುತ್ತದಾ? ಲಾಗ್ ಎಷ್ಟು ದಿನ ಇರುತ್ತದೆ? ಕೊನೆಗೆ, ಇದೆಲ್ಲ ನಾವು ಕೊಳ್ಳುವ ಪ್ಲಾನ್‌ನಲ್ಲೇ ಇದೆಯಾ, ಇಲ್ಲ ದುಬಾರಿ ಪ್ಲಾನ್‌ನಲ್ಲಿ ಮಾತ್ರವಾ? ‘ಎಲ್ಲ ಇದೆ ಸಾರ್’ ಅಂದರೆ ಒಪ್ಪಬೇಡಿ. ನಿಮ್ಮ ಮುಂದೆಯೇ ಮೇಸ್ತ್ರಿಯ ರೋಲ್ ಒಂದನ್ನು ಮಾಡಿ ತೋರಿಸಲಿ.